12 ಬಿಟ್ಟು ಬೇರೆ ಶ್ರುತಿ ಹಿಡಿಯುವವರಿಗೆ: 19, 22, 31, 53ರಲ್ಲಿ ಯಾವುದು ಇಂಪು, ಯಾವುದು ಒರಟು

ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ಕಂಪ್ಯೂಟರಿನಲ್ಲಿ ಯಾವುದಾದರೂ ಸಿಂಥ್ (ವಾದ್ಯದ ದನಿ ಹುಟ್ಟಿಸುವ ತಂತ್ರಾಂಶ) ತೆರೆದು ಆರ್ಗನ್ನಿನಂಥ ದನಿ ಆರಿಸಿಕೊಳ್ಳಿ. ಷಡ್ಜವನ್ನು 220 ಹರ್ಟ್ಜ್‌ಗೆ ಇಟ್ಟು, ಅದರ ಜೊತೆಗೆ ಅಂತರ ಗಾಂಧಾರವನ್ನು ಒತ್ತಿ ಹಿಡಿಯಿರಿ. ಮಾಮೂಲಿ 12 ಸ್ವರದ ಕೀಬೋರ್ಡಿನಲ್ಲಿ ಆ ಗಾಂಧಾರ 277.18 ಹರ್ಟ್ಜ್. ಕಿವಿಗೊಟ್ಟು ಕೇಳಿದರೆ ದನಿಯೊಳಗೆ ಒಂದು ನಡುಕ ಸಿಗುತ್ತದೆ, ಸೆಕೆಂಡಿಗೆ ಹೆಚ್ಚು ಕಡಿಮೆ ಒಂಬತ್ತು ಸಲ. ಈಗ ಗಾಂಧಾರವನ್ನು ಮೆಲ್ಲಗೆ 275ಕ್ಕೆ ಇಳಿಸಿ. ನಡುಕ ನಿಧಾನವಾಗುತ್ತಾ ಬಂದು ನಿಂತೇ ಹೋಗುತ್ತದೆ. ಎರಡು ಸ್ವರ ಬೆಸೆದುಕೊಂಡು ಒಂದೇ ದನಿ ಆದ ಹಾಗೆ ಕೇಳುತ್ತದೆ.

ಆ ನಡುಕ ಒಮ್ಮೆ ಕಿವಿಗೆ ಬಿತ್ತು ಅಂದರೆ ಮತ್ತೆ ಅದು ಇಲ್ಲ ಅಂದುಕೊಳ್ಳುವುದು ಕಷ್ಟ. ನನಗಂತೂ ಆಗಲಿಲ್ಲ. ಬೇರೆ ಶ್ರುತಿಗಳ ಹುಡುಕಾಟಕ್ಕೆ ಬೀಳುವ ಬಹಳ ಜನ ಇಲ್ಲಿಂದಲೇ ಬೀಳುತ್ತಾರೆ. ಆಮೇಲೆ ಎದುರಾಗುವ ಪ್ರಶ್ನೆ ಒಂದೇ: ಸ್ಥಾಯಿಯನ್ನು 12 ಸಮಪಾಲು ಮಾಡುವ ಬದಲು ಎಷ್ಟು ಪಾಲು ಮಾಡಬೇಕು? 19? 22? 31? 53? ಉತ್ತರ ಹುಡುಕಲು ಹೋದರೆ ದೊಡ್ಡ ದೊಡ್ಡ ಕೋಷ್ಟಕಗಳು ಸಿಗುತ್ತವೆ. ಯಾವುದರಲ್ಲಿ ತಪ್ಪು ಕಡಿಮೆಯೋ ಅದೇ ಒಳ್ಳೆಯದು ಅಂತ ಅನಿಸಿಬಿಡುತ್ತದೆ. ಅದು ಅರ್ಧ ಸತ್ಯ. ಶ್ರುತಿಯನ್ನು ಒಂಟಿಯಾಗಿ ಆರಿಸಲು ಆಗುವುದಿಲ್ಲ. ಯಾವ ದನಿಯಲ್ಲಿ ನುಡಿಸುತ್ತೀರಿ ಅನ್ನುವುದನ್ನೂ ಅದರ ಜೊತೆಗೇ ಆರಿಸಬೇಕು. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ನಡುಕ ಎಲ್ಲಿಂದ ಬರುತ್ತದೆ

ತಂತಿಯಾಗಲಿ, ಕೊಳಲಾಗಲಿ, ಮನುಷ್ಯನ ಗಂಟಲಾಗಲಿ, ಒಂದು ಸ್ವರ ಹೊರಡಿಸಿದರೆ ಅದರ ಜೊತೆಗೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎತ್ತರದ ಮೇಲ್ಸ್ವರಗಳೂ ಹೊರಡುತ್ತವೆ. ಇವನ್ನೇ ಹಾರ್ಮೋನಿಕ್ ಅನ್ನುವುದು. 220ರ ಐದನೇ ಮೇಲ್ಸ್ವರ 1100. 275ರ ನಾಲ್ಕನೇ ಮೇಲ್ಸ್ವರವೂ 1100. ಎರಡೂ ಒಂದೇ ಕಡೆ ಕೂತವು, ಜಗಳ ಇಲ್ಲ. ಆದರೆ 277.18ರ ನಾಲ್ಕನೆಯದು 1108.7. ಪಕ್ಕದಲ್ಲೇ 1100 ಇದೆ. ಇವೆರಡರ ತಿಕ್ಕಾಟವೇ ಸೆಕೆಂಡಿಗೆ ಎಂಟೂ ಮುಕ್ಕಾಲು ಸಲದ ಮಿಡಿತವಾಗಿ ಕೇಳುತ್ತದೆ.

ಮಿಡಿತ ನಿಧಾನವಾಗಿದ್ದರೆ ಹಿತ. ಸೆಕೆಂಡಿಗೆ ಒಂದೋ ಎರಡೋ ಇದ್ದರೆ ದನಿಗೆ ಜೀವ ಬಂದ ಹಾಗಿರುತ್ತದೆ. ವೇಗ ಏರಿದಂತೆ ಅದು ನಡುಕವಾಗಿ, ಆಮೇಲೆ ಒರಟಾಗಿ, ಗರಗರ ಆಗುತ್ತದೆ. 1863ರಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಈ ವಿವರಣೆ ಕೊಟ್ಟರು. ಸೆಕೆಂಡಿಗೆ 30ರಿಂದ 35 ಮಿಡಿತದ ಹತ್ತಿರ ಒರಟು ಅತಿ ಜಾಸ್ತಿ ಅಂತ ಅವರ ಲೆಕ್ಕ. 1965ರಲ್ಲಿ ಪ್ಲಾಂಪ್ ಮತ್ತು ಲೆವೆಲ್ಟ್ ಮೇಲ್ಸ್ವರಗಳೇ ಇಲ್ಲದ ಶುದ್ಧ ಸೈನ್ ತರಂಗಗಳನ್ನು ಜನರಿಗೆ ಕೇಳಿಸಿ ಇದನ್ನು ಇನ್ನಷ್ಟು ನಿಖರ ಮಾಡಿದರು. ಎತ್ತರದಲ್ಲಿ ತೀರಾ ಹತ್ತಿರ ಇರುವ ಎರಡು ದನಿಗಳನ್ನು ಕಿವಿ ಬಿಡಿಸಿ ಕೇಳಲಾರದು. ಆ ಹತ್ತಿರದ ವ್ಯಾಪ್ತಿಗೆ ಕ್ರಿಟಿಕಲ್ ಬ್ಯಾಂಡ್ ಅಂತ ಹೆಸರು. ಅದರ ಸುಮಾರು ಕಾಲು ಭಾಗದಷ್ಟು ಅಂತರದಲ್ಲಿ ಒರಟು ಅತಿ ಜಾಸ್ತಿ. ಇಡೀ ಬ್ಯಾಂಡ್ ದಾಟಿದ ಮೇಲೆ ಒರಟು ಇರುವುದೇ ಇಲ್ಲ.

ಇಲ್ಲಿ ಒಂದು ಮಾತು. ರಾಗಲಕ್ಷಣದಲ್ಲಿ ಬರುವ ವಾದಿ, ಸಂವಾದಿ, ವಿವಾದಿ ಬೇರೆಯದೇ ವಿಚಾರ. ನಾನು ಇಲ್ಲಿ ಇಂಪು, ಒರಟು ಅನ್ನುವುದು ಸ್ವರಗಳು ಒಟ್ಟೊಟ್ಟಿಗೆ ಮೊಳಗಿದಾಗ ಕಿವಿಯಲ್ಲಿ ಆಗುವ ಅನುಭವಕ್ಕೆ ಮಾತ್ರ. ಅದರಲ್ಲೂ ರೂಢಿಯ ಪಾಲು ದೊಡ್ಡದು. ಜೀವನವಿಡೀ 12ರ ಅಂತರ ಗಾಂಧಾರ ಕೇಳಿದವರಿಗೆ ಮಿಡಿತ ಇಲ್ಲದ ಆ 275ರ ಗಾಂಧಾರ ಮೊದಲ ಸಲ ಸ್ವಲ್ಪ ಇಳಿದ ಹಾಗೆ, ಮಂಕಾದ ಹಾಗೆ ಕೇಳುತ್ತದೆ. ಕಿವಿ ಒಗ್ಗಲು ಕೆಲವು ದಿನ ಬೇಕು.

ಲೆಕ್ಕ, ಒಂದೇ ನೋಟಕ್ಕೆ

ಅಳತೆಗೆ ಸೆಂಟ್ ಬಳಸೋಣ. ಒಂದು ಸ್ಥಾಯಿಗೆ 1200 ಸೆಂಟ್. 19ನೇ ಶತಮಾನದ ಕೊನೆಯಲ್ಲಿ ಅಲೆಕ್ಸಾಂಡರ್ ಎಲ್ಲಿಸ್ ರೂಢಿಗೆ ತಂದ ಅಳತೆ ಇದು. ಶುದ್ಧ, ಅಂದರೆ ಮಿಡಿತ ಇಲ್ಲದ, ಪಂಚಮ 702 ಸೆಂಟ್, ಶುದ್ಧ ಅಂತರ ಗಾಂಧಾರ 386.3, ಶುದ್ಧ ಸಾಧಾರಣ ಗಾಂಧಾರ 315.6. ಏಳನೇ ಮೇಲ್ಸ್ವರವನ್ನು ಕೆಳಗಿನ ಸ್ಥಾಯಿಗೆ ಇಳಿಸಿದರೆ 968.8. ಇದು ನಮಗೆ ಗೊತ್ತಿರುವ ಕೈಶಿಕಿ ನಿಷಾದಕ್ಕಿಂತ ಗಮನಾರ್ಹವಾಗಿ ಇಳಿದದ್ದು. ಪ್ರತಿ ಪದ್ಧತಿಯಲ್ಲಿ ಈ ನಾಲ್ಕು ಎಷ್ಟು ಏರಿವೆ, ಎಷ್ಟು ಇಳಿದಿವೆ ಅನ್ನುವುದು ಕೆಳಗಿದೆ.

| ಪಾಲು | ಒಂದು ಮೆಟ್ಟಿಲು | ಪಂಚಮ | ಅಂತರ ಗಾಂಧಾರ | ಸಾಧಾರಣ ಗಾಂಧಾರ | ಏಳನೆಯದು |
|---|---|---|---|---|---|
| 12 | 100 | −2.0 | +13.7 | −15.6 | +31.2 |
| 19 | 63.2 | −7.2 | −7.4 | +0.1 | −21.5 |
| 22 | 54.5 | +7.1 | −4.5 | +11.6 | +13.0 |
| 31 | 38.7 | −5.2 | +0.8 | −6.0 | −1.1 |
| 53 | 22.6 | −0.1 | −1.4 | +1.3 | +4.8 |

ಈ ಕೋಷ್ಟಕ ಓದುವಾಗ ಜಾಸ್ತಿ ಜನ ಮಾಡುವ ತಪ್ಪು ಒಂದಿದೆ. ಅಂಕಿಯ ಗಾತ್ರ ನೋಡುತ್ತಾರೆ, ಮುಂದಿನ ಚಿಹ್ನೆ ನೋಡುವುದಿಲ್ಲ. 19ರಲ್ಲಿ ಪಂಚಮವೂ ಏಳು ಸೆಂಟ್ ಇಳಿದಿದೆ, ಅಂತರ ಗಾಂಧಾರವೂ ಏಳು ಸೆಂಟ್ ಇಳಿದಿದೆ. ಎರಡೂ ಒಂದೇ ಕಡೆಗೆ ಸರಿದದ್ದರಿಂದ ಅವುಗಳ ನಡುವಿನ ದೂರ, ಅಂದರೆ ಸಾಧಾರಣ ಗಾಂಧಾರದ ದೂರ, ಶುದ್ಧವಾಗಿಯೇ ಉಳಿಯಿತು. 12ರಲ್ಲಿ ಪಂಚಮ ಕೆಳಗೆ, ಗಾಂಧಾರ ಮೇಲೆ. ಹಾಗಾಗಿ ಒಂದು ತಪ್ಪಿನ ಮೇಲೆ ಇನ್ನೊಂದು ಕೂಡಿ ಸಾಧಾರಣ ಗಾಂಧಾರ ಹದಿನಾರು ಸೆಂಟಿನ ಹತ್ತಿರ ತಪ್ಪುತ್ತದೆ. ಮೂರು ಸ್ವರದ ಕಾರ್ಡ್ (ಷಡ್ಜ, ಗಾಂಧಾರ, ಪಂಚಮ ಒಟ್ಟಿಗೆ) ನುಡಿಸಿದಾಗ ಕಿವಿಗೆ ಬೀಳುವುದು ಈ ಮೂರೂ ದೂರಗಳು ಕೂಡಿದ ಫಲ.

ಮಿಡಿತದ ಲೆಕ್ಕಕ್ಕೆ ತಿರುಗಿಸಿದರೆ ಇನ್ನೂ ಸ್ಪಷ್ಟ. ಅದೇ 220ರ ಷಡ್ಜದ ಮೇಲೆ ಅಂತರ ಗಾಂಧಾರ ಸೆಕೆಂಡಿಗೆ ಮಿಡಿಯುವುದು 12ರಲ್ಲಿ 8.7 ಸಲ, 19ರಲ್ಲಿ 4.7, 22ರಲ್ಲಿ 2.9, 53ರಲ್ಲಿ 0.9, 31ರಲ್ಲಿ ಎರಡು ಸೆಕೆಂಡಿಗೆ ಒಂದೇ ಒಂದು. ಪಂಚಮದ ಕತೆ ತಿರುಗುಮುರುಗು. 12ರಲ್ಲಿ 0.7, 31ರಲ್ಲಿ 2, 19 ಮತ್ತು 22ರಲ್ಲಿ 2.7. 53ರ ಪಂಚಮ ಒಂದು ಸಲ ಮಿಡಿಯಲು ಅರ್ಧ ನಿಮಿಷಕ್ಕಿಂತ ಜಾಸ್ತಿ ಹೊತ್ತು ಕಾಯಬೇಕು.

12 ಯಾಕೆ ಇಷ್ಟು ಕಾಲ ಬಾಳಿತು ಅನ್ನುವುದಕ್ಕೂ ಇದರಲ್ಲೇ ಉತ್ತರ ಇದೆ. 1584ರಲ್ಲಿ ಚೀನಾದ ಝು ಝೈಯು ಲೆಕ್ಕ ಹಾಕಿ ಕೊಟ್ಟ ಈ ವಿಭಜನೆ ಇಷ್ಟು ಕಡಿಮೆ ಮೆಟ್ಟಿಲಿನಲ್ಲಿ ಇಷ್ಟು ಒಳ್ಳೆಯ ಪಂಚಮ ಕೊಡುತ್ತದೆ. 12ಕ್ಕಿಂತ ಒಳ್ಳೆಯ ಪಂಚಮ ಬೇಕಿದ್ದರೆ 29 ಪಾಲಿನವರೆಗೆ ಹೋಗಬೇಕು. 12ರಲ್ಲಿ ಪಂಚಮ ಸಿಹಿ, ಗಾಂಧಾರ ಒರಟು. ಪಂಚಮವೇ ನಿಮ್ಮ ಸಂಗೀತದ ಬೆನ್ನೆಲುಬಾಗಿದ್ದರೆ, ಗಾಂಧಾರವನ್ನು ಉದ್ದಕ್ಕೆ ಹಿಡಿಯುವ ಅಗತ್ಯ ಇಲ್ಲದಿದ್ದರೆ, ಇರುವುದನ್ನು ಬಿಟ್ಟು ಹೋಗುವ ಅವಸರ ಬೇಡ.

19ಓ, 31ಓ

ಕಾರ್ಡುಗಳ ಸಂಗೀತ ಕಟ್ಟುವವರಿಗೆ ನಿಜವಾದ ಪೈಪೋಟಿ ಇರುವುದು ಈ ಎರಡರ ನಡುವೆ. ಇಬ್ಬರೂ ಒಂದೇ ಮನೆತನದವರು. ಪಂಚಮವನ್ನು ಸ್ವಲ್ಪ ಕಿರಿದು ಮಾಡಿ, ಆ ಬೆಲೆ ತೆತ್ತು, ಗಾಂಧಾರವನ್ನು ಸಿಹಿ ಮಾಡುವುದು ಇಬ್ಬರ ದಾರಿ. ನಾಲ್ಕು ಪಂಚಮ ಮೇಲೆ ಹತ್ತಿ ಎರಡು ಸ್ಥಾಯಿ ಇಳಿದರೆ ಸಿಹಿ ಗಾಂಧಾರಕ್ಕೇ ಬಂದು ನಿಲ್ಲುತ್ತೀರಿ. ಹಾಗಾಗಿ ನಿಮಗೆ ಗೊತ್ತಿರುವ ಮೇಜರ್ (ಅಂತರ ಗಾಂಧಾರದ), ಮೈನರ್ (ಸಾಧಾರಣ ಗಾಂಧಾರದ) ಕಾರ್ಡುಗಳು, ಗೊತ್ತಿರುವ ನಡೆಗಳು, ಬರೆದಿಟ್ಟ ಹಾಡುಗಳು ಎಲ್ಲವೂ ಇವುಗಳಲ್ಲಿ ಹಾಗೆಯೇ ನಡೆಯುತ್ತವೆ. ಒಂದೇ ವ್ಯತ್ಯಾಸ: ಸಿ ಶಾರ್ಪ್ ಮತ್ತು ಡಿ ಫ್ಲಾಟ್ ಈಗ ಎರಡು ಬೇರೆ ಸ್ವರಗಳು.

19ರ ದೊಡ್ಡ ಗುಣ ಅದರ ಮೈನರ್ ಕಾರ್ಡ್. ಸಾಧಾರಣ ಗಾಂಧಾರ ಶುದ್ಧಕ್ಕೆ ಒಂದು ಸೆಂಟಿನ ಹತ್ತನೇ ಒಂದು ಭಾಗದಷ್ಟು ಹತ್ತಿರ ಇದೆ. ಆರ್ಗನ್ ದನಿಯಲ್ಲಿ ನುಡಿಸಿದರೆ 12ರ ಮೈನರ್ ಕಾರ್ಡಿನಲ್ಲಿ ಇರುವ ಬಿಗಿತ ಇದರಲ್ಲಿ ಇಲ್ಲ. ದುಃಖ ಇದೆ, ಆದರೆ ಸಮಾಧಾನದ ದುಃಖ. ಈ ದಾರಿ ಹೊಸದೇನಲ್ಲ. 1577ರಲ್ಲೇ ಫ್ರಾನ್ಸಿಸ್ಕೊ ದೆ ಸಲೀನಾಸ್ ವಿವರಿಸಿದ ಒಂದು ಶ್ರುತಿ 19 ಸಮಪಾಲಿಗೆ ಎಷ್ಟು ಹತ್ತಿರ ಇದೆಯೆಂದರೆ ಕಿವಿಯಿಂದ ಬೇರೆ ಮಾಡುವುದು ಆಗದ ಮಾತು.

19ರ ತೊಂದರೆ ಇರುವುದು ರಾಗದ ಎಳೆಯಲ್ಲಿ. ಕಾಕಲಿ ನಿಷಾದದಿಂದ ಮೇಲಿನ ಷಡ್ಜಕ್ಕೆ ಹೋಗುವ ಹೆಜ್ಜೆ 12ರಲ್ಲಿ 100 ಸೆಂಟ್, 19ರಲ್ಲಿ 126. ನಿಷಾದ ಷಡ್ಜದಿಂದ ದೂರ ಉಳಿದುಬಿಡುತ್ತದೆ. ಮೇಲಕ್ಕೆ ಸೇರುವ ತವಕವೇ ಇರುವುದಿಲ್ಲ. ಕಾರ್ಡಾಗಿ ಕೇಳಿದರೆ ಇಂಪು, ಒಂಟಿ ಎಳೆಯಾಗಿ ಹಾಡಿದರೆ ಅಪಸ್ವರ ಅನಿಸಬಹುದು. ಒಂದೇ ಸ್ವರ ಒಂದು ಲೆಕ್ಕದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ಶ್ರುತಿ ಆರಿಸುವುದು ಯಾಕೆ ಕಷ್ಟ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

31ರಲ್ಲಿ ಆ ಹೆಜ್ಜೆ 116 ಸೆಂಟ್. ಅಷ್ಟು ಸೋಮಾರಿ ಅಲ್ಲ. ಅಂತರ ಗಾಂಧಾರ ಶುದ್ಧ ಅಂದರೆ ಶುದ್ಧವೇ. ಅದಕ್ಕಿಂತ ದೊಡ್ಡ ಉಡುಗೊರೆ ಏಳನೇ ಮೇಲ್ಸ್ವರ. 4:5:6:7 ಅನುಪಾತದ ನಾಲ್ಕು ಸ್ವರಗಳ ಕಾರ್ಡನ್ನು 31ರಲ್ಲಿ ಒಮ್ಮೆ ಹಿಡಿದು ಕೇಳಿ. ಅದು ಸೆವೆಂತ್ ಕಾರ್ಡ್ ಅಂತ ಗುರುತೇ ಸಿಗುವುದಿಲ್ಲ. ಬೇರೆ ಕಡೆಗೆ ಓಡಬೇಕು ಅನ್ನುವ ಒತ್ತಡ ಇಲ್ಲದೆ ಸುಮ್ನೆ ನಿಂತುಬಿಡುತ್ತದೆ. 12ರಲ್ಲಿ ಅದೇ ನಿಷಾದ 220ರ ಷಡ್ಜದ ಏಳನೇ ಮೇಲ್ಸ್ವರದ ಜೊತೆ ಸೆಕೆಂಡಿಗೆ 28 ಸಲ ತಿಕ್ಕಾಡುತ್ತದೆ. 31ರಲ್ಲಿ ಬರೀ ಒಂದು ಸಲ. ಹಳೆಯ ಕಾರ್ಡುಗಳ ಜೊತೆಗೆ ಹೊಸದೊಂದು ಇಂಪು ಬೇಕು ಅನ್ನುವವರಿಗೆ ನಾನು ಹಿಂದೆ ಮುಂದೆ ನೋಡದೆ 31 ಅನ್ನುತ್ತೇನೆ. ಭೌತವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1691ರಲ್ಲಿ ಇದರ ಪರವಾಗಿ ಬರೆದರು. ಅವರದೇ ನಾಡಿನ ಇನ್ನೊಬ್ಬ ಭೌತವಿಜ್ಞಾನಿ ಆಡ್ರಿಯಾನ್ ಫೋಕರ್ 1950ರ ಹೊತ್ತಿಗೆ 31 ಸ್ವರದ ಆರ್ಗನ್ನನ್ನೇ ಕಟ್ಟಿಸಿದರು. ಅದು ಈಗ ಆಂಸ್ಟರ್‌ಡ್ಯಾಮಿನಲ್ಲಿದೆ.

ಹಾಗಿದ್ದರೆ 19 ಯಾಕೆ ಬೇಕು? ಕೈಗಾಗಿ. 61 ಕೀಲಿಗಳ ಮಾಮೂಲಿ ಕೀಬೋರ್ಡಿನಲ್ಲಿ 19 ಹಾಕಿದರೆ ಮೂರು ಸ್ಥಾಯಿಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. 31 ಹಾಕಿದರೆ ಎರಡು ಸ್ಥಾಯಿಯೂ ಪೂರ್ತಿ ಸಿಗುವುದಿಲ್ಲ. ಗಿಟಾರಿನಲ್ಲಿ ಈ ವ್ಯತ್ಯಾಸ ಇನ್ನೂ ಮುಖ್ಯ. ಆ ಲೆಕ್ಕ ಕೊನೆಯಲ್ಲಿ ಹೇಳುತ್ತೇನೆ.

22 ಮತ್ತು 53: ಕೋಮಾ ಕಾಣಿಸಿಕೊಳ್ಳುವ ಜಾಗ

22 ಅಂದ ಕೂಡಲೇ ನಮಗೆ 22 ಶ್ರುತಿಗಳು ನೆನಪಾಗುತ್ತವೆ, ಅಲ್ವಾ? 1870ರ ದಶಕದಲ್ಲಿ ಇಂಗ್ಲೆಂಡಿನ ಸಂಗೀತಶಾಸ್ತ್ರಜ್ಞ ಬೋಸಾಂಕೆ ಕೂಡ ಅದೇ ಎಳೆ ಹಿಡಿದು 22 ಸಮಪಾಲಿನ ಲೆಕ್ಕ ಹಾಕಿದರು. ಆದರೆ ಒಂದನ್ನು ಇನ್ನೊಂದು ಅಂದುಕೊಳ್ಳಬೇಡಿ. ಭರತನ ನಾಟ್ಯಶಾಸ್ತ್ರದಲ್ಲಿ ಪಂಚಮವನ್ನು ಒಂದು ಶ್ರುತಿ ಇಳಿಸುವ ಮಾತು ಬರುತ್ತದೆ. ಆ ಒಂದು ಶ್ರುತಿಯನ್ನು ಸಾಮಾನ್ಯವಾಗಿ 22 ಸೆಂಟ್ ಎಂದು ಲೆಕ್ಕ ಹಾಕುತ್ತಾರೆ. 22 ಸಮಪಾಲಿನ ಒಂದು ಮೆಟ್ಟಿಲು 54.5 ಸೆಂಟ್, ಅದರ ಎರಡೂವರೆ ಪಟ್ಟು. ಹೆಸರು ಒಂದೇ ಅನಿಸಿದರೂ ಸ್ವರಸ್ಥಾನಗಳು ಬೇರೆ.

22ರಲ್ಲಿ ಸಿಹಿ ಗಾಂಧಾರ ಇದೆ, ಏಳನೇ ಮೇಲ್ಸ್ವರ 12ಕ್ಕಿಂತ ಎಷ್ಟೋ ಪಾಲು ಚೆನ್ನಾಗಿದೆ. ಆದರೆ ಅದರ ಪಂಚಮ ಹಿಗ್ಗಿದ ಪಂಚಮ. ನಾಲ್ಕು ಪಂಚಮ ಹತ್ತಿದರೆ 382 ಸೆಂಟಿನ ಸಿಹಿ ಗಾಂಧಾರಕ್ಕೆ ಬರುವುದಿಲ್ಲ, 436ರ ಚೂಪು ಗಾಂಧಾರಕ್ಕೆ ಬರುತ್ತೀರಿ. ಇದರ ಪರಿಣಾಮ ದೊಡ್ಡದು. ಷಡ್ಜದ ಕಾರ್ಡಿನಿಂದ ಧೈವತಕ್ಕೆ, ಅಲ್ಲಿಂದ ರಿಷಭಕ್ಕೆ, ಪಂಚಮಕ್ಕೆ, ಮತ್ತೆ ಷಡ್ಜಕ್ಕೆ ಬರುವ ನಡೆ ಎಲ್ಲರಿಗೂ ಗೊತ್ತು. ಅದನ್ನು ಸಿಹಿ ಗಾಂಧಾರಗಳಲ್ಲೇ, ಪ್ರತಿ ಸಲ ಹಿಂದಿನ ಕಾರ್ಡಿನ ಒಂದು ಸ್ವರವನ್ನು ಹಿಡಿದಿಟ್ಟುಕೊಂಡು ನುಡಿಸಿ. 12, 19, 31ರಲ್ಲಿ ಹೊರಟ ಜಾಗಕ್ಕೇ ಬರುತ್ತೀರಿ. 22ರಲ್ಲಿ ಒಂದು ಮೆಟ್ಟಿಲು ಕೆಳಗೆ ಇಳಿದಿರುತ್ತೀರಿ. ಎರಡನೇ ಸುತ್ತಿಗೆ ಇನ್ನೊಂದು. ನಾಲ್ಕು ಸುತ್ತು ಮುಗಿಯುವಾಗ ಹಾಡು ಒಂದು ಪೂರ್ತಿ ಸ್ವರ ಕೆಳಗೆ ಹೋಗಿರುತ್ತದೆ. ಇದನ್ನು ತಪ್ಪಿಸಲು ನಡುವೆ ಎಲ್ಲೋ ಒಂದು ಸ್ವರವನ್ನು ಜಿಗಿಸಬೇಕು, ಅಥವಾ ಒಂದು ಕಾರ್ಡನ್ನು ಒರಟಾಗಿಯೇ ನುಡಿಸಬೇಕು.

ಈ ಜಾರುವಿಕೆ ಶುದ್ಧ ಅನುಪಾತಗಳಲ್ಲೇ ಅಡಗಿರುವಂಥದ್ದು. ಅದರ ಅಳತೆ 81/80, ಸುಮಾರು 21.5 ಸೆಂಟ್. ಕೋಮಾ ಅಂತ ಹೆಸರು. 12, 19, 31 ಇದನ್ನು ಸೊನ್ನೆ ಮಾಡಿ ನುಂಗಿಬಿಡುತ್ತವೆ. 22 ಮತ್ತು 53 ಉಳಿಸಿಕೊಳ್ಳುತ್ತವೆ. ಹಾಗಾಗಿ 22ನ್ನು ಹಳೆಯ ಹಾಡುಗಳಿಗೆ ಹೊಸ ಬಟ್ಟೆಯಾಗಿ ತೊಡಿಸಲು ಹೋಗಬೇಡಿ. ಹೊಸ ನಡೆಗಳನ್ನು ಹುಡುಕುವ ಆಸೆ ಇದ್ದರೆ ಮಾತ್ರ ಅದರ ಬಾಗಿಲು ತಟ್ಟಿ. 1998ರಲ್ಲಿ ಪಾಲ್ ಅರ್ಲಿಕ್ 22ರಲ್ಲಿ ಹತ್ತು ಸ್ವರಗಳ ಮೇಳಗಳನ್ನು ತೋರಿಸಿದರು. ಅಲ್ಲಿ ಏಳನೇ ಮೇಲ್ಸ್ವರ ಇರುವ ನಾಲ್ಕು ಸ್ವರದ ಕಾರ್ಡೇ ಮೂಲ ಕಾರ್ಡ್. ಅಲ್ಲಿಂದ ಶುರು ಮಾಡಿದರೆ 22 ತನ್ನ ನಿಜವಾದ ಗುಣ ತೋರಿಸುತ್ತದೆ.

53ರ ಇಂಪಿಗೆ ಕೊರತೆ ಹೇಳುವ ಹಾಗಿಲ್ಲ. ಪಂಚಮ, ಎರಡೂ ಗಾಂಧಾರ, ಎಲ್ಲವೂ ಒಂದೂವರೆ ಸೆಂಟಿನೊಳಗೆ. ಅದರ ಒಂದು ಮೆಟ್ಟಿಲೇ ಹೆಚ್ಚು ಕಡಿಮೆ ಒಂದು ಕೋಮಾ. ಟರ್ಕಿಯ ಸಂಗೀತಶಾಸ್ತ್ರ ಒಂದು ಪೂರ್ತಿ ಸ್ವರದ ದೂರವನ್ನು ಒಂಬತ್ತು ಕೋಮಾ ಎಂದು ಎಣಿಸುವುದು ಇದೇ ಲೆಕ್ಕದಿಂದ. ಬೋಸಾಂಕೆ ಇದಕ್ಕಾಗಿಯೇ ವಿಶೇಷ ಕೀಲಿಮಣೆಯ ಹಾರ್ಮೋನಿಯಂ ಮಾಡಿಸಿದ್ದರು. ಆದರೆ ಬೆರಳಿಗೆ 53 ಅಂದರೆ ಹೊರೆ. ಕಂಪ್ಯೂಟರಿನಲ್ಲಿ ಒಂದೊಂದೇ ಸ್ವರ ಜೋಡಿಸುವವರಿಗೆ, ಶುದ್ಧ ಅನುಪಾತಗಳ ನಕ್ಷೆ ಬೇಕಾದವರಿಗೆ ಇದು ಸರಿ. ಕೂತು ನುಡಿಸುವವರಿಗೆ ನಾನು ಹೇಳುವುದಿಲ್ಲ.

17, 24: ಬೇಗ ಹೇಳಿ ಮುಗಿಸುವೆ

24ರಲ್ಲಿ 12ರ ಎಲ್ಲ ಒರಟೂ ಹಾಗೇ ಇದೆ. ಗಾಂಧಾರ, ಪಂಚಮ ಒಂದೂ ಸುಧಾರಿಸುವುದಿಲ್ಲ. ಹೊಸದಾಗಿ ಸಿಗುವುದು 350 ಸೆಂಟಿನ ನಡುಗಾಂಧಾರ, ಮತ್ತು ಹನ್ನೊಂದನೇ ಮೇಲ್ಸ್ವರಕ್ಕೆ ತುಂಬ ಹತ್ತಿರದ 550. ಇಂಪು ಹುಡುಕಿ ಹೊರಟವರು 24ಕ್ಕೆ ಬಂದರೆ ನಿರಾಸೆ ಖಂಡಿತ. 12ರ ವಾದ್ಯಗಳ ಜೊತೆ ಸೇರಿ ನುಡಿಸಬೇಕು, ನಡುಸ್ವರ ಬೇಕು ಅಂದರೆ ಮಾತ್ರ ಅದು.

17 ಒಂಟಿ ಎಳೆಯ ಸಂಗೀತಕ್ಕೆ ಒಳ್ಳೆಯದು. 19ಕ್ಕೆ ಪೂರ್ತಿ ಎದುರು ಸ್ವಭಾವ. ನಿಷಾದದಿಂದ ಷಡ್ಜಕ್ಕೆ 71 ಸೆಂಟ್ ಮಾತ್ರ, ಹಾಗಾಗಿ ಎಳೆ ಚೂಪಾಗಿ, ಚುರುಕಾಗಿ ಓಡುತ್ತದೆ. ಆದರೆ ಗಾಂಧಾರ ಒಂದೋ 353, ಇಲ್ಲವೇ 424. ಸಿಹಿ ಗಾಂಧಾರ ಅಲ್ಲಿ ಇಲ್ಲವೇ ಇಲ್ಲ.

11, 13 ನಿಜವಾಗಿಯೂ ಕೆಟ್ಟವೇ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದು ಷರತ್ತಿನ ಮೇಲೆ ನಿಂತಿದೆ: ದನಿಯ ಮೇಲ್ಸ್ವರಗಳು ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಇರಬೇಕು. ಆ ಷರತ್ತು ತೆಗೆದರೆ ಏನಾಗುತ್ತದೆ?

ಮೊದಲು ಷರತ್ತಿನೊಳಗೇ ನೋಡೋಣ. 11 ಪಾಲಿನಲ್ಲಿ ಪಂಚಮ ಇಲ್ಲ. ಆರನೇ ಮೆಟ್ಟಿಲು 655 ಸೆಂಟ್, ಏಳನೆಯದು 764. ಶುದ್ಧ 702 ಅವೆರಡರ ನಡುವಿನ ಖಾಲಿ ಜಾಗದಲ್ಲಿದೆ. 220ರ ಷಡ್ಜದ ಮೂರನೇ ಮೇಲ್ಸ್ವರ 660. ಆರನೇ ಮೆಟ್ಟಿಲಿನ ಸ್ವರ 321.1, ಅದರ ಎರಡನೇ ಮೇಲ್ಸ್ವರ 642.2. ಅಂತರ ಹದಿನೆಂಟರ ಹತ್ತಿರ. ಏಳನೇ ಮೆಟ್ಟಿಲು ತೆಗೆದುಕೊಂಡರೆ ಅಂತರ 24. ಎರಡೂ ಒರಟಿನ ನಡುಮಧ್ಯೆ ಬಿದ್ದವು. 13ರ ಕತೆಯೂ ಹೆಚ್ಚು ಕಡಿಮೆ ಇದೇ. ಆರ್ಗನ್ ದನಿಯಲ್ಲಿ ಯಾವ ಎರಡು ಸ್ವರ ಹಿಡಿದರೂ ಗರಗರ. ನಾನು ಮೊದಲ ಸಲ 11 ಹಾಕಿ ಕೇಳಿದಾಗ ಹತ್ತು ನಿಮಿಷಕ್ಕೆ ಕಿವಿ ಸೋತಿತು. ಇದರಲ್ಲಿ ಸಂಗೀತ ಸಾಧ್ಯವೇ ಇಲ್ಲ ಅಂತ ಬಿಟ್ಟುಬಿಟ್ಟಿದ್ದೆ.

ಆಮೇಲೆ ದನಿಯನ್ನೇ ಬಾಗಿಸುವ ದಾರಿ ಗೊತ್ತಾಯಿತು. 1966ರಲ್ಲಿ ಜಾನ್ ಪಿಯರ್ಸ್ ಸ್ಥಾಯಿಯನ್ನು 8 ಪಾಲು ಮಾಡಿ, ಆ 8ಕ್ಕೆ ಸರಿಹೊಂದುವ ಮೇಲ್ಸ್ವರಗಳಿರುವ ದನಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸಿದರು. 1993ರಲ್ಲಿ ವಿಲಿಯಂ ಸೆಥಾರೆಸ್ ಪ್ಲಾಂಪ್–ಲೆವೆಲ್ಟ್ ರೇಖೆಯನ್ನು ಹಿಡಿದು ಇದಕ್ಕೊಂದು ಸಾಮಾನ್ಯ ಲೆಕ್ಕ ಕೊಟ್ಟರು. ಯಾವ ದನಿಗೆ ಯಾವ ಮೇಳ ಇಂಪು ಅನ್ನುವುದನ್ನು ಲೆಕ್ಕ ಹಾಕಬಹುದು. ಯಾವ ಮೇಳಕ್ಕೆ ಯಾವ ದನಿ ಇಂಪು ಅನ್ನುವುದನ್ನೂ ಹಾಕಬಹುದು.

11ಕ್ಕೆ ಮಾಡುವುದು ಹೀಗೆ. ಪ್ರತಿ ಮೇಲ್ಸ್ವರವನ್ನು 11 ಪಾಲಿನ ಅತಿ ಹತ್ತಿರದ ಮೆಟ್ಟಿಲಿಗೆ ಸರಿಸಿ. ಮೂರನೆಯದನ್ನು 660ರಿಂದ 642.2ಕ್ಕೆ ಇಳಿಸಿ. ಐದನೆಯದನ್ನು 1100ರಿಂದ 1132ಕ್ಕೆ ಏರಿಸಿ. ಏಳನೆಯದನ್ನು 1540ರಿಂದ 1552ಕ್ಕೆ. ಎರಡನೆಯದು, ನಾಲ್ಕನೆಯದು ಹೇಗೂ ಸ್ಥಾಯಿಯ ಮೇಲೇ ಇವೆ. ಈಗ ಆರನೇ ಮೆಟ್ಟಿಲನ್ನು ಷಡ್ಜದ ಜೊತೆ ಹಿಡಿಯಿರಿ. ಅದರ ಎರಡನೇ ಮೇಲ್ಸ್ವರ 642.2. ಷಡ್ಜದ ಬಾಗಿದ ಮೂರನೇ ಮೇಲ್ಸ್ವರವೂ 642.2. ಎರಡೂ ಒಂದರ ಮೇಲೊಂದು ಕೂತವು. ಆ ಹದಿನೆಂಟರ ತಿಕ್ಕಾಟ ಇಲ್ಲವಾಯಿತು. ಮೆಟ್ಟಿಲು ಬದಲಾಗಲಿಲ್ಲ, ದನಿ ಬದಲಾಯಿತು, ಒರಟು ಇಂಪಾಯಿತು. ಅದನ್ನು ಕೇಳಿದ ಹೊತ್ತಿನಲ್ಲಿ ಆದ ಸಂತೋಷ ನನಗೆ ಇನ್ನೂ ನೆನಪಿದೆ.

ಇದಕ್ಕೂ ಬೆಲೆ ಇದೆ. ಮೇಲ್ಸ್ವರ ಜಾಸ್ತಿ ಬಾಗಿದರೆ ದನಿ ಗಂಟೆಯ ಹಾಗೆ, ಲೋಹದ ಹಾಗೆ ಆಗುತ್ತದೆ. ಪಿಟೀಲಿನ ಬಿಲ್ಲೆಳೆತದ ಹಿತ ಅದರಲ್ಲಿ ಬರುವುದಿಲ್ಲ. ಒಂದೇ ಸ್ವರ ಎರಡು ದನಿಯಾಗಿ ಒಡೆದ ಹಾಗೂ ಕೇಳಬಹುದು. ಹಾಗಾಗಿ ಬಾಗಿಸುವುದು ಸ್ವಲ್ಪವೇ ಸಾಕಾಗುವ ಪದ್ಧತಿಗಳಲ್ಲಿ ಈ ದಾರಿ ಚೆನ್ನಾಗಿ ನಡೆಯುತ್ತದೆ. ಲೋಹದ ವಾದ್ಯಗಳು ಮೊದಲಿನಿಂದಲೂ ಈ ದಾರಿಯಲ್ಲೇ ಇವೆ. ಜಾವಾದ ಗಮೆಲಾನ್ ಎಂಬ ವಾದ್ಯವೃಂದದ ಸ್ಲೆಂಡ್ರೊ ಮೇಳ ಸ್ಥಾಯಿಯ ಐದು ಸಮಪಾಲಿಗೆ ಹತ್ತಿರ, ಪ್ರತಿ ವಾದ್ಯವೃಂದಕ್ಕೂ ತನ್ನದೇ ಶ್ರುತಿ. ಆ ಕಂಚಿನ ವಾದ್ಯಗಳ ಮೇಲ್ಸ್ವರಗಳು ತಂತಿಯ ಮೇಲ್ಸ್ವರಗಳಂತೆ ಸಾಲಾಗಿ ನಿಲ್ಲುವುದಿಲ್ಲ. ಅದೇ ಮೇಳವನ್ನು ಆರ್ಗನ್ನಿಗೆ ಹಾಕಿದರೆ 18 ಸೆಂಟ್ ಹಿಗ್ಗಿದ ಪಂಚಮ ಕಿವಿಗೆ ಚುಚ್ಚುತ್ತದೆ.

ಬೋಲೆನ್–ಪಿಯರ್ಸ್ ಪದ್ಧತಿಯ ಯೋಚನೆಯೂ ಇದರ ಪಕ್ಕದ್ದೇ. ಅದರಲ್ಲಿ ಸ್ಥಾಯಿಯನ್ನೇ ಕೈಬಿಟ್ಟಿದ್ದಾರೆ. ಮೂರರಷ್ಟು ಎತ್ತರವನ್ನು 13 ಸಮಪಾಲು ಮಾಡುತ್ತಾರೆ, ಒಂದೊಂದು 146.3 ಸೆಂಟ್. ಮೂಲ ಕಾರ್ಡ್ 3:5:7. ಬರೀ ಬೆಸ ಸಂಖ್ಯೆಗಳು, ಗಮನಿಸಿ. ಬೆಸ ಮೇಲ್ಸ್ವರಗಳೇ ಬಲವಾಗಿರುವ ಕ್ಲಾರಿನೆಟ್ಟಿನಂಥ ದನಿಗೆ ಇದು ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ. ಇದಕ್ಕೆಂದೇ ಮಾಡಿದ ಕ್ಲಾರಿನೆಟ್ಟುಗಳೂ ಇವೆ. ಸಿಂಥಿನಲ್ಲಿ ನುಡಿಸುವುದಾದರೆ ಸ್ಕ್ವೇರ್ ತರಂಗ ಆರಿಸಿ. ಸಾ–ಟೂತ್ ಆರಿಸಿದರೆ ಸಮ ಮೇಲ್ಸ್ವರಗಳು ನಡುವೆ ಬಂದು ಕೆಡಿಸುತ್ತವೆ.

ಆರಿಸುವ ಮೊದಲು ಕೇಳಿ ನೋಡುವುದು ಹೇಗೆ

ಸರ್ಜ್ ಎಕ್ಸ್‌ಟಿಯಂಥ ಉಚಿತ ಸಿಂಥುಗಳು ಸ್ಕಾಲಾ ಫೈಲುಗಳನ್ನು (ಸ್ವರಸ್ಥಾನಗಳನ್ನು ಬರೆದಿಟ್ಟ ಚಿಕ್ಕ ಫೈಲುಗಳು) ತೆಗೆದುಕೊಳ್ಳುತ್ತವೆ. 19, 22, 31ರ ಫೈಲುಗಳನ್ನು ಹಾಕಿಕೊಂಡು ಒಂದಾದ ಮೇಲೊಂದು ಬದಲಿಸಿ ಕೇಳಬಹುದು. ಕೋರಸ್, ರಿವರ್ಬ್, ವೈಬ್ರಾಟೊ ಎಲ್ಲ ಮೊದಲು ಆಫ್ ಮಾಡಿಬಿಡಿ. ಕೋರಸ್ ಅನ್ನುವುದೇ ಬೇಕೆಂದು ಹಾಕಿದ ಮಿಡಿತ. ಅದು ಇರುವಾಗ ಯಾವ ಶ್ರುತಿಯ ಮಿಡಿತವೂ ಗೊತ್ತಾಗುವುದಿಲ್ಲ.

ಕೇಳುವಾಗ ದನಿಯನ್ನೂ ಬದಲಿಸಿ ನೋಡಿ. ಎಳೆದು ನಿಲ್ಲುವ ಆರ್ಗನ್ ದನಿಯಲ್ಲಿ 12ರ ಗಾಂಧಾರ ನಡುಗುತ್ತದೆ. ಮೀಟಿದ ಕೂಡಲೇ ಆರುವ ದನಿಯಲ್ಲಿ ನಡುಗಲು ಹೊತ್ತೇ ಸಿಗುವುದಿಲ್ಲ. ನಿಮ್ಮ ಸಂಗೀತ ಚುರುಕಾಗಿ ಮೀಟುವಂಥದ್ದಾದರೆ 22ರ ಹಿಗ್ಗಿದ ಪಂಚಮವೂ ನಡೆಯುತ್ತದೆ. ಉದ್ದುದ್ದ ಎಳೆಯುವಂಥದ್ದಾದರೆ ನಡೆಯುವುದಿಲ್ಲ. ಶುದ್ಧ ಸೈನ್ ತರಂಗದಲ್ಲಿ ಮಾತ್ರ ಕೇಳಿ ತೀರ್ಮಾನ ಮಾಡಬೇಡಿ. ಅದರಲ್ಲಿ ಮೇಲ್ಸ್ವರಗಳೇ ಇಲ್ಲ, ಹಾಗಾಗಿ 275ಕ್ಕೂ 277ಕ್ಕೂ ವ್ಯತ್ಯಾಸ ಕೇಳುವುದೇ ಕಷ್ಟ.

ಕಾರ್ಡನ್ನು ಯಾವ ಎತ್ತರದಲ್ಲಿ ಹಿಡಿಯುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮಂದ್ರದಲ್ಲಿ ಕ್ರಿಟಿಕಲ್ ಬ್ಯಾಂಡ್ ಸಂಗೀತದ ಅಳತೆಯಲ್ಲಿ ತುಂಬ ಅಗಲ. 80 ಹರ್ಟ್ಜ್‌ನ ಹತ್ತಿರ ಎಷ್ಟೇ ಶುದ್ಧವಾದ ಗಾಂಧಾರ ಹಿಡಿದರೂ ಗಡುಸೇ. ಕೆಳಗೆ ಷಡ್ಜ, ಪಂಚಮ ಇಟ್ಟು ಗಾಂಧಾರವನ್ನು ಒಂದು ಸ್ಥಾಯಿ ಮೇಲೆ ಕಳಿಸಿ ನೋಡಿ. ಎಷ್ಟೋ ಸಲ ಶ್ರುತಿ ಬದಲಿಸದೆಯೇ ಬೇಕಾದ ಇಂಪು ಸಿಗುತ್ತದೆ.

ಗಿಟಾರಿಗೆ ಫ್ರೆಟ್ ಹಾಕಿಸುವ ಯೋಚನೆ ಇದ್ದವರು ಅಳತೆಯನ್ನು ಮೊದಲೇ ಹಾಕಿಕೊಳ್ಳಿ. 650 ಮಿಲಿಮೀಟರ್ ತಂತಿಯಲ್ಲಿ ಮೊದಲ ಫ್ರೆಟ್ 12ರಲ್ಲಿ 36.5 ಮಿಲಿಮೀಟರ್ ದೂರ ಬರುತ್ತದೆ. 19ರಲ್ಲಿ 23.3, 22ರಲ್ಲಿ 20.2, 31ರಲ್ಲಿ 14.4, 53ರಲ್ಲಿ 8.4. ಸ್ಥಾಯಿಯ ಜಾಗಕ್ಕೆ ಹೋಗುವಷ್ಟರಲ್ಲಿ ಇವೆಲ್ಲ ಅರ್ಧವಾಗುತ್ತವೆ. 19ರಲ್ಲಿ ಅಲ್ಲಿ 11.6 ಉಳಿಯುತ್ತದೆ, ಬೆರಳು ಹಿಡಿಯುತ್ತದೆ. 31ರಲ್ಲಿ 7.2, ಬೆರಳ ತುದಿಗಿಂತ ಕಿರಿದು. ಒಂದು ಹಳೆಯ ಗಿಟಾರಿನ ಕುತ್ತಿಗೆಗೆ ಕಾಗದದ ಪಟ್ಟಿ ಅಂಟಿಸಿ, ಈ ಗೆರೆಗಳನ್ನು ಪೆನ್ಸಿಲಿನಲ್ಲಿ ಎಳೆದು, ನಿಮಗೆ ಬೇಕಾದ ಕಾರ್ಡಿಗೆ ಬೆರಳು ಚಾಚುತ್ತದೆಯೇ ಅಂತ ಮೊದಲು ನೋಡಿ. ಉಳಿ ಹಿಡಿಯುವುದು ಆಮೇಲೆ.